ಚಟ ಬಿಟ್ಟವರ ಕಂಟ್ರಿ ಹಾಡು ಬರೆಯುವುದು ಹೇಗೆ: ಮೊದಲ ಸಾಲಿನಿಂದ ರೆಕಾರ್ಡಿಂಗ್‌ವರೆಗೆ

ಕುಡಿತ ಬಿಟ್ಟದ್ದು, ಹಳೇ ಸಹವಾಸ ಬಿಟ್ಟದ್ದು, ತಡವಾಗಿಯಾದರೂ ಸ್ವಲ್ಪ ಬೆಳೆದದ್ದು. ಇದರ ಮೇಲೆ ಕಂಟ್ರಿ ಹಾಡು (ಅಮೆರಿಕದ ಹಳ್ಳಿ ಸೊಗಡಿನ, ಕಥೆ ಹೇಳುವ ಹಾಡು) ಬರೆಯಲು ಕೂತವರು ಬಹುತೇಕ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ಚರಣ ಸಲೀಸಾಗಿ ಬರುತ್ತದೆ. ಪಲ್ಲವಿಯಲ್ಲಿ ‘ನಾನೀಗ ಬದಲಾದೆ’ ಎಂದು ಹೇಳಿಬಿಡುತ್ತಾರೆ. ಆಮೇಲೆ ಹೇಳಲು ಏನೂ ಉಳಿದಿರುವುದಿಲ್ಲ. ಎರಡನೇ ಚರಣ ಬುದ್ಧಿವಾದವಾಗುತ್ತದೆ, ಕೊನೆಗೆ ಭಾಷಣವಾಗುತ್ತದೆ, ಹಾಡು ಅರ್ಧಕ್ಕೇ ನಿಲ್ಲುತ್ತದೆ.

ಇದು ಪ್ರತಿಭೆಯ ಕೊರತೆಯಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ ಅಷ್ಟೆ. ಬದಲಾದೆ ಎಂದು ಹೇಳುವ ಹಾಡು ಬೇರೆ, ಬದಲಾಗುತ್ತಿರುವ ಒಂದು ಗಂಟೆಯನ್ನು ತೋರಿಸುವ ಹಾಡು ಬೇರೆ. ಕಂಟ್ರಿಯಲ್ಲಿ ನಿಲ್ಲುವುದು ಎರಡನೆಯದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಗಿಟಾರ್ ಕೈಗೆ ಬರುವುದು ಏಳನೇ ಹಂತದಲ್ಲಿ. ಅಲ್ಲಿಯವರೆಗೆ ಅದು ಮೂಲೆಯಲ್ಲೇ ಇರಲಿ.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ಸಿಲ್, ಫೋನಿನ ರೆಕಾರ್ಡರ್, ತಾಳ ಎಣಿಸುವ ಮೆಟ್ರೋನೋಮ್ ಆ್ಯಪ್. ಗಿಟಾರ್ ಉಕ್ಕಿನ ತಂತಿಯದ್ದಾಗಿರಲಿ, ನೈಲಾನ್ ತಂತಿಯಲ್ಲಿ ಕಂಟ್ರಿಯ ಚುರುಕು ಸದ್ದು ಬರುವುದಿಲ್ಲ. ಒಂದು ಕೇಪೊ (ಶ್ರುತಿ ಏರಿಸಲು ಗಿಟಾರ್ ಕತ್ತಿಗೆ ಹಾಕುವ ಕ್ಲಿಪ್ಪು) ಬೇಕು. ಜಿ, ಸಿ, ಡಿ, ಇ ಮೈನರ್ ಈ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಡವರಿಸದೆ ಹಿಡಿಯಲು ಬಂದರೆ ಸಾಕು. ಗಿಟಾರ್ ಬಾರದವರು ಹಾರ್ಮೋನಿಯಂನಲ್ಲೇ ಟ್ಯೂನ್ ಕಟ್ಟಿ, ಆಮೇಲೆ ಗಿಟಾರ್ ನುಡಿಸುವವರನ್ನು ಸೇರಿಸಿಕೊಳ್ಳಬಹುದು.

ಬೇಡದ್ದು: ದುಬಾರಿ ಮೈಕು, ರೆಕಾರ್ಡಿಂಗ್ ಸಾಫ್ಟ್‌ವೇರ್, ರೆಡಿಮೇಡ್ ಬೀಟು. ಇವು ಬೇಗ ಬಂದಷ್ಟೂ ಸಾಹಿತ್ಯ ಕೆಡುತ್ತದೆ.

ಹಂತ 1: ಒಂದೇ ಚಟ, ಒಂದೇ ಗಂಟೆ

ಕುಡಿತ, ಸಿಗರೇಟು, ಇಸ್ಪೀಟು, ಸಿಟ್ಟು ಎಲ್ಲವನ್ನೂ ಒಂದೇ ಹಾಡಿನಲ್ಲಿ ಬಿಡಿಸಬೇಡಿ. ಒಂದನ್ನು ಆರಿಸಿ. ಆಮೇಲೆ ಆ ಚಟ ವಾರದಲ್ಲಿ ಯಾವ ಹೊತ್ತಿಗೆ ಜೋರಾಗಿ ಎಳೆಯುತ್ತದೆ ಎಂದು ಬರೆದುಕೊಳ್ಳಿ. ‘ಸಂಜೆ’ ಅಂದರೆ ಸಾಲದು. ಯಾವ ದಿನ, ಎಷ್ಟು ಗಂಟೆ, ಯಾವ ರಸ್ತೆ?

ಈ ಬರಹದುದ್ದಕ್ಕೂ ನಾನು ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ. ಅಮೆರಿಕದ ಟೆನೆಸಿಯ ಒಬ್ಬ ಬಡಗಿ. ಶುಕ್ರವಾರ ಸಂಜೆ, ವಾರದ ಸಂಬಳ ಜೇಬಲ್ಲಿದೆ, ಪಿಕಪ್ ಗಾಡಿ ಓಡಿಸಿಕೊಂಡು ಮನೆಗೆ ಬರುತ್ತಿದ್ದಾನೆ. ದಾರಿಯ ಮೂಲೆಯಲ್ಲಿ ಬಾರು. ಪ್ರತಿ ಶುಕ್ರವಾರ ಅಲ್ಲಿ ಎಡಕ್ಕೆ ತಿರುಗುತ್ತಿದ್ದ. ಇವತ್ತು ತಿರುಗುವುದಿಲ್ಲ. ಹಾಡು ಇಷ್ಟೇ.

ನಿಮ್ಮ ಹಾಡಿಗೆ ನಿಮ್ಮ ಊರನ್ನೇ ಹಾಕಿ. ನಿಮ್ಮ ಕಡೆ ಶನಿವಾರ ಬಟವಾಡೆಯಾದರೆ ಅದು ಶನಿವಾರದ ಹಾಡು. ಕಂಡಿರದ ಹೊಲ, ಹಾಕಿರದ ಬೂಟು, ಓಡಿಸಿರದ ಟ್ರಕ್ಕು ತಂದು ತುಂಬಿದರೆ ಕೇಳುವವರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ಟಿಪ್ಪಣಿಯಲ್ಲಿ ‘ಜೀವನ’, ‘ಕತ್ತಲು’, ‘ಬೆಳಕು’, ‘ಹೊಸ ದಾರಿ’ ಅನ್ನುವ ಪದಗಳೇ ಜಾಸ್ತಿ ಇದ್ದರೆ ಗಂಟೆ ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ.

ಇದು ನಿಮ್ಮದೇ ಕಥೆಯಾಗಿದ್ದರೆ ಇನ್ನೊಂದು ಮಾತು. ತುಂಬಾ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೈ ನಡುಕ, ಫಿಟ್ಸ್‌ವರೆಗೂ ಹೋಗಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರು, ಆಮೇಲೆ ಹಾಡು. ಭಾರತದಲ್ಲಿ ವ್ಯಸನ ಬಿಡಲು ನೆರವಿನ ಸರ್ಕಾರಿ ಸಹಾಯವಾಣಿ 14446, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗುವವರಾದರೆ ಅಲ್ಲಿ ಬೇರೆಯವರು ಹೇಳಿಕೊಂಡದ್ದನ್ನು ಹಾಡಿಗೆ ತರಬೇಡಿ, ಹೆಸರು ಬದಲಿಸಿಯೂ ಬೇಡ. ಅವರು ನಂಬಿ ಹೇಳಿರುತ್ತಾರೆ.

ಹಂತ 2: ಯಾರಿಗೆ ಹೇಳುತ್ತಿದ್ದೀರಿ, ಗೊತ್ತು ಮಾಡಿಕೊಳ್ಳಿ

ಎಲ್ಲರಿಗೂ ಹೇಳುವ ಹಾಡು ಯಾರಿಗೂ ತಲುಪುವುದಿಲ್ಲ. ಒಬ್ಬರ ಮುಖ ಎದುರಿಗಿರಲಿ. 1994ರಲ್ಲಿ ಅಮೆರಿಕದ ಕಂಟ್ರಿ ಗಾಯಕ ಕಾಲಿನ್ ರೇ ಹಾಡಿದ ‘ಲಿಟಲ್ ರಾಕ್’ ಇದಕ್ಕೆ ಒಳ್ಳೇ ಪಾಠ. ಕುಡಿತ ಬಿಡಲು ಊರು ಬಿಟ್ಟು ಬಂದವನು ದೂರದಲ್ಲಿರುವ ತನ್ನವಳೊಂದಿಗೆ ಮಾತಾಡುತ್ತಾನೆ, ಬಿಟ್ಟು ಇನ್ನೂ 20 ದಿನವೂ ಆಗಿಲ್ಲ. ಗೆದ್ದವನ ದನಿ ಅದಲ್ಲ. ಈಗಷ್ಟೇ ಎದ್ದು ನಿಂತವನ ದನಿ. ಅದಕ್ಕೇ ನಂಬಿಕೆ ಬರುತ್ತದೆ.

ನಮ್ಮ ಬಡಗಿ ಹೆಂಡತಿಗೆ ಹೇಳುವುದು ಬೇಡ, ಅದನ್ನು ಎಲ್ಲರೂ ಮಾಡಿದ್ದಾರೆ. ಅವನು ಬಾರಿನಲ್ಲಿ ಕಾಯುತ್ತಾ ಕೂತಿರುವ ಹಳೇ ಗೆಳೆಯನಿಗೆ ಹೇಳಲಿ, ಇವತ್ತು ಯಾಕೆ ಬರಲಿಲ್ಲ ಎಂದು. ಹೀಗೆ ಮಾಡಿದರೆ ದೊಡ್ಡ ಲಾಭ ಒಂದಿದೆ. ಗೆಳೆಯನನ್ನು ಕೆಟ್ಟವನನ್ನಾಗಿ ಮಾಡಲು ಮನಸ್ಸು ಬರುವುದಿಲ್ಲ, ಅವನಿಗೆ ಉಪದೇಶ ಮಾಡಲು ನಾಲಿಗೆ ಏಳುವುದಿಲ್ಲ, ಹಾಗಾಗಿ ಹಾಡು ತಾನಾಗೇ ಮೆತ್ತಗಾಗುತ್ತದೆ.

ಹಂತ 3: ಸಾಮಾನಿನ ಪಟ್ಟಿ

ಆ ಗಂಟೆಯಲ್ಲಿ ಕಣ್ಣಿಗೆ, ಕೈಗೆ, ಮೂಗಿಗೆ ಸಿಗುವ ವಸ್ತುಗಳನ್ನು ಬರೆಯಿರಿ. ಒಂದು ಪುಟ ತುಂಬಲಿ. ಬಡಗಿಯ ಪಟ್ಟಿ ಹೀಗಿರಬಹುದು: ಅಂಗಿಯ ತೋಳಿನಲ್ಲಿ ಮರದ ಹೊಟ್ಟು, ಮಡಿಚಿದ ನೋಟು, ಬಾರಿನ ಕೆಂಪು ದೀಪ, ಇಂಡಿಕೇಟರ್‌ನ ಟಿಕ್ ಟಿಕ್, ಹಿಂದಿನ ಗಾಡಿಯವನ ಹಾರ್ನು, ಅಡುಗೆಮನೆಯ ಗಡಿಯಾರ, ಮೇಲಿನ ಕಪಾಟಿನ ತಟ್ಟೆ.

ಈಗ ಪ್ರತಿ ವಸ್ತುವಿನ ಎದುರು ಎರಡು ಪ್ರಶ್ನೆ. ಕುಡಿಯುತ್ತಿದ್ದಾಗ ಇದು ಹೇಗಿತ್ತು? ಈಗ ಹೇಗಿದೆ? ಉತ್ತರ ಬೇರೆ ಬೇರೆ ಬಂದ ವಸ್ತುಗಳನ್ನಷ್ಟೇ ಉಳಿಸಿ. ಹಾರ್ನು ಆಗಲೂ ಹಾರ್ನೇ, ಈಗಲೂ ಹಾರ್ನೇ, ಹೊಡೆದುಹಾಕಿ. ತಟ್ಟೆ ಹಾಗಲ್ಲ. ಶುಕ್ರವಾರ ಅವನು ಊಟಕ್ಕೆ ಬರುತ್ತಲೇ ಇರಲಿಲ್ಲ, ಅದಕ್ಕೇ ಅವನ ತಟ್ಟೆ ಮೇಲಿನ ಕಪಾಟು ಸೇರಿತ್ತು. ಇಂಥದ್ದು ನಾಲ್ಕೈದು ಸಿಕ್ಕರೆ ಇಡೀ ಹಾಡಿಗೆ ಸಾಕು.

ಈ ಹಂತವನ್ನು ಬಿಟ್ಟುಹೋಗುವವರೇ ಜಾಸ್ತಿ. ಎರಡನೇ ಚರಣದಲ್ಲಿ ಒಣಗುವವರೂ ಅವರೇ.

ಹಂತ 4: ಹುಕ್ ಲೈನ್, ಆಮೇಲೆ ಪಲ್ಲವಿ

ಚರಣ ಬರೆಯುವ ಮೊದಲು ಹಾಡಿನ ಹೆಸರು ಗೊತ್ತಿರಬೇಕು. ಕಂಟ್ರಿಯಲ್ಲಿ ಹೆಸರು ಸಾಮಾನ್ಯವಾಗಿ ಪಲ್ಲವಿಯ ಕೊನೇ ಸಾಲಿನಲ್ಲಿ ಬಂದು ಕೂರುತ್ತದೆ, ಅದೇ ಹುಕ್ ಲೈನ್. ಚಿಕ್ಕದಾಗಿರಲಿ, ಮನೆಯಲ್ಲಿ ಆಡುವ ಮಾತಾಗಿರಲಿ. ನಮ್ಮ ಹುಕ್: ‘ಶುಕ್ರವಾರ, ನೇರ ಮನೆಗೆ’.

ಇಲ್ಲೊಂದು ಗೊಂದಲ ಕನ್ನಡದವರಿಗೆ ಆಗೇ ಆಗುತ್ತದೆ. ನಮ್ಮ ಸಿನಿಮಾ ಹಾಡು, ಭಾವಗೀತೆಗಳಲ್ಲಿ ಪಲ್ಲವಿ ಮೊದಲು, ಚರಣ ಆಮೇಲೆ. ಕಂಟ್ರಿಯಲ್ಲಿ ಹೆಚ್ಚಾಗಿ ಚರಣವೇ ಮೊದಲು. ಕಥೆ ಹೇಳುತ್ತಾ ಬಂದು ಪಲ್ಲವಿಯಲ್ಲಿ ಗಂಟು ಹಾಕುತ್ತಾರೆ. ನೀವು ಪಲ್ಲವಿಯಿಂದ ಶುರು ಮಾಡಿದರೆ ‘ನೇರ ಮನೆಗೆ’ ಅನ್ನುವುದಕ್ಕೆ ತೂಕವೇ ಇರುವುದಿಲ್ಲ, ಅವನು ಇಷ್ಟು ದಿನ ಎಲ್ಲಿಗೆ ಹೋಗುತ್ತಿದ್ದ ಎಂದು ಕೇಳುವವರಿಗೆ ಇನ್ನೂ ಗೊತ್ತಿಲ್ಲವಲ್ಲ.

ಪಲ್ಲವಿ ನಾಲ್ಕು ಸಾಲು ಸಾಕು:

ಕೆಂಪು ದೀಪ, ಕೈ ಇಂಡಿಕೇಟರ್ ಮುಟ್ಟಿತು
ಜೇಬಲ್ಲಿ ವಾರದ ದುಡ್ಡು, ಇನ್ನೂ ಬಿಸಿ
ಕಾಲು ಬ್ರೇಕಿನ ಮೇಲೆ, ಕಣ್ಣು ರಸ್ತೆ ಕೊನೆಗೆ
ಶುಕ್ರವಾರ, ನೇರ ಮನೆಗೆ

ನೋಡಿ, ಇದರಲ್ಲಿ ‘ಬಿಟ್ಟೆ’ ಅನ್ನುವ ಪದವೇ ಇಲ್ಲ. ‘ಕುಡಿತ’ವೂ ಇಲ್ಲ. ಕೈ ಇಂಡಿಕೇಟರ್ ಮುಟ್ಟುತ್ತದೆ, ಅಂದರೆ ಆಸೆ ಇನ್ನೂ ಜೀವಂತವಾಗಿದೆ. ಈ ಎಳೆತ ಪಲ್ಲವಿಯಲ್ಲಿ ಇರಲೇಬೇಕು. ಆಸೆಯೇ ಇಲ್ಲದವನು ಬಾರು ದಾಟಿ ಹೋದರೆ ಅದರಲ್ಲಿ ಹಾಡೇನು ಬಂತು?

ಸಾಮಾನ್ಯ ತಪ್ಪು: ಬಾರನ್ನು ತುಂಬಾ ಚೆಂದ ಮಾಡುವುದು. ಗ್ಲಾಸಿನ ಹೊಳಪು, ಗೆಳೆಯರ ನಗು, ಮೊದಲ ಗುಟುಕಿನ ಸುಖ ಎಂದು ಮೂರು ಸಾಲು ಬರೆದರೆ ಜನ ಅದನ್ನು ಕುಡಿಯುತ್ತಾ ಹಾಡುತ್ತಾರೆ. ಎಳೆತಕ್ಕೆ ಒಂದು ದೀಪ, ಒಂದು ಕೈ ಸಾಕು.

ಹಂತ 5: ಎರಡನೇ ಚರಣ ಮೊದಲು ಬರೆಯಿರಿ

ತಮಾಷೆಗೆ ಹೇಳುತ್ತಿಲ್ಲ. ಪಟ್ಟಿಯಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಯಾವುದೋ ಅದನ್ನು ಎರಡನೇ ಚರಣಕ್ಕೆ ಎತ್ತಿಡಿ, ಅದನ್ನೇ ಮೊದಲು ಬರೆಯಿರಿ. ಮೊದಲ ಚರಣದಲ್ಲೇ ಎಲ್ಲಾ ಖರ್ಚು ಮಾಡಿದರೆ ಎರಡನೆಯದಕ್ಕೆ ಉಳಿಯುವುದು ಬುದ್ಧಿವಾದ ಮಾತ್ರ.

ಎರಡನೇ ಚರಣದ ಕೆಲಸ ಕಥೆಯನ್ನು ಮುಂದಕ್ಕೆ ತಳ್ಳುವುದು. ಗಾಡಿ ಮನೆ ಮುಟ್ಟಿದೆ. ಒಳಗೆ ಏನಾಯಿತು? ಅರ್ಧ ಚರಣ ಹೀಗೆ:

ಒಲೆ ಮೇಲೆ ಪಾತ್ರೆ, ಇನ್ನೂ ಬೇಯುವ ಹೊತ್ತು
ಗಡಿಯಾರ ನೋಡಿದಳು, ಮತ್ತೆ ನನ್ನತ್ತ
ಮೂರನೇ ತಟ್ಟೆ ಮೇಲಿನ ಕಪಾಟಿನಲ್ಲಿತ್ತು
ತೆಗೆದಳು, ಏನೂ ಕೇಳದೆ, ಒರೆಸುತ್ತಾ

ಹೆಂಡತಿ ಅಳುವುದಿಲ್ಲ, ಅಪ್ಪಿಕೊಳ್ಳುವುದಿಲ್ಲ, ಕ್ಷಮಿಸುವುದೂ ಇಲ್ಲ. ತಟ್ಟೆ ಒರೆಸುತ್ತಾಳೆ. ಅದರ ಮೇಲೆ ದೂಳು ಕೂತಿತ್ತು ಎಂದು ನಾವು ಹೇಳಬೇಕಿಲ್ಲ. ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ, ಬರಲು ಎಷ್ಟೋ ಶುಕ್ರವಾರ ಬೇಕು. ಒಂದೇ ದಿನಕ್ಕೆ ಎಲ್ಲವೂ ಸರಿಹೋದಂತೆ ಬರೆಯಬೇಡಿ. ಇಂಥ ಮನೆಯಲ್ಲಿ ಬದುಕಿದವರು ಹಾಡನ್ನು ಅಲ್ಲೇ ಆಫ್ ಮಾಡುತ್ತಾರೆ.

ಈಗ ಮೊದಲ ಚರಣ. ಅದರ ಕೆಲಸ ಸುಲಭ: ಎಲ್ಲಿದ್ದೇವೆ, ಯಾವ ದಿನ, ಯಾರು ಕಾಯುತ್ತಿದ್ದಾರೆ, ಹಿಂದೆ ಏನು ಮಾಡುತ್ತಿದ್ದೆ. ಮರದ ಹೊಟ್ಟು, ನೋಟಿನ ಮಡಿಕೆ, ಗೆಳೆಯನ ಮೆಸೇಜು. ಕೊನೇ ಸಾಲು ಮೂಲೆಯ ಹತ್ತಿರ ಬಂದು ನಿಲ್ಲಬೇಕು, ಪಲ್ಲವಿ ಅಲ್ಲಿಂದ ಎತ್ತಿಕೊಳ್ಳುತ್ತದೆ.

ಪರೀಕ್ಷೆ: ಎರಡು ಚರಣಗಳನ್ನು ಅದಲುಬದಲು ಮಾಡಿ ಓದಿ. ಏನೂ ವ್ಯತ್ಯಾಸ ಆಗದಿದ್ದರೆ ಕಥೆ ಮುಂದೆ ಹೋಗಿಲ್ಲ, ಒಂದೇ ಮಾತನ್ನು ಎರಡು ಸಲ ಹೇಳಿದ್ದೀರಿ.

ಹಂತ 6: ಬ್ರಿಡ್ಜ್ ಮತ್ತು ಬಾಲದ ಸಾಲು

ಎರಡನೇ ಪಲ್ಲವಿ ಆದಮೇಲೆ ಬರುವ ಚಿಕ್ಕ ಭಾಗ ಬ್ರಿಡ್ಜ್. ಇಲ್ಲಿ ಭಾಷಣದ ಚಪಲ ತಡೆಯಲಾಗದಷ್ಟು ಇರುತ್ತದೆ. ನೀವು ಮಾಡಬೇಕಾದ್ದು ಅದಕ್ಕೆ ತದ್ವಿರುದ್ಧ: ಅನುಮಾನವನ್ನು ಒಳಗೆ ಬಿಡಿ.

ಸೋಮವಾರ ಕೇಳ್ತೀಯ, ಎಲ್ಲಿ ಹೋಗಿದ್ದೆ ಅಂತ
ಮುಂದಿನ ಶುಕ್ರವಾರ ಏನು ಮಾಡ್ತೀನೋ, ಗೊತ್ತಿಲ್ಲ

ಆಮೇಲೆ ಪಲ್ಲವಿ ಮತ್ತೆ ಅದೇ ಪದಗಳಲ್ಲಿ ಬರುತ್ತದೆ. ಆದರೆ ಈಗ ಅದರ ಅರ್ಥ ಭಾರವಾಗಿರುತ್ತದೆ. ಕೊನೆಗೆ ಒಂದೇ ಒಂದು ಬಾಲದ ಸಾಲು ಸೇರಿಸಬಹುದು, ಅದೂ ವಸ್ತುವೇ ಆಗಿರಲಿ: ‘ವಾರದ ದುಡ್ಡು ಮೇಜಿನ ಮೇಲೆ, ಪೂರ್ತಿ’. ‘ನಾನೀಗ ಹೊಸ ಮನುಷ್ಯ’ ಎಂದು ಬರೆಯಲು ಕೈ ತುರಿಸಿದರೆ ಎದ್ದು ಒಂದು ಸುತ್ತು ಹೋಗಿ ಬನ್ನಿ.

ಹಂತ 7: ಕಾರ್ಡು ಮತ್ತು ಟ್ಯೂನು

ಈಗ ಗಿಟಾರ್ ತೆಗೆಯಿರಿ. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ಕಾರ್ಡುಗಳನ್ನು ಅಕ್ಷರದಲ್ಲಿ ಬರೆಯದೆ ಅಂಕಿಯಲ್ಲಿ ಬರೆಯುತ್ತಾರೆ. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಶುರುಮಾಡಿದ ಪದ್ಧತಿ ಇದು. ನಮಗೆ ಇದು ಇನ್ನೂ ಸುಲಭ: 1 ಅಂದರೆ ಷಡ್ಜದ ಮೇಲಿನ ಕಾರ್ಡು, 4 ಅಂದರೆ ಶುದ್ಧ ಮಧ್ಯಮದ್ದು, 5 ಅಂದರೆ ಪಂಚಮದ್ದು. ಜಿ ಶ್ರುತಿಯಲ್ಲಿ 1 ಜಿ, 4 ಸಿ, 5 ಡಿ. ಮೈನರ್‌ಗೆ ಅಂಕಿಯ ಪಕ್ಕ ಒಂದು ಗೆರೆ, ಹಾಗಾಗಿ 6- ಅಂದರೆ ಇ ಮೈನರ್. ಅಂಕಿಯಲ್ಲಿ ಬರೆದರೆ ಹಾಡುವವರ ಶ್ರುತಿ ಬದಲಾದರೂ ಮತ್ತೆ ಬರೆಯಬೇಕಿಲ್ಲ. ಕೇಪೊ ಎರಡನೇ ಫ್ರೆಟ್‌ಗೆ ಹಾಕಿ ಅದೇ ಬೆರಳುಗಳಲ್ಲಿ ನುಡಿಸಿದರೆ ಎ ಶ್ರುತಿ ಬಂದಾಯಿತು.

ಒಂದು ಅಂಕಿ ಒಂದು ಬಾರ್, ಅಂದರೆ ತಾಳದ ಒಂದು ಆವರ್ತ. ಒಂದು ಬಾರ್‌ಗೆ ನಾಲ್ಕು ಎಣಿಕೆ.

ಚರಣ: 1 1 4 1 / 1 1 5 5 / 1 1 4 1 / 1 5 1 1
ಪಲ್ಲವಿ: 4 4 1 1 / 4 1 5 1
ಬ್ರಿಡ್ಜ್: 6- 6- 4 4 / 6- 6- 5 5

ಪಲ್ಲವಿ 4ರಿಂದ ಶುರುವಾಗುವುದನ್ನು ಗಮನಿಸಿ. ಚರಣ 1ರಲ್ಲಿ ಮುಗಿದು ಪಲ್ಲವಿ ಮತ್ತೆ 1ರಲ್ಲೇ ಶುರುವಾದರೆ ಎದ್ದು ನಿಂತ ಅನುಭವ ಬರುವುದಿಲ್ಲ. ಬ್ರಿಡ್ಜ್‌ನ ಕೊನೇ ಬಾರ್‌ನಲ್ಲಿ ಗಿಟಾರ್ ಪೂರ್ತಿ ನಿಲ್ಲಿಸಿ, ದನಿ ಮಾತ್ರ ಇರಲಿ.

ಬಲಗೈಗೆ ಒಂದೇ ಕೆಲಸ: ಒಂದು ಮಂದ್ರ ತಂತಿ, ಒಂದು ಸ್ಟ್ರಮ್ (ಉಳಿದ ತಂತಿಗಳ ಮೇಲೆ ಒಮ್ಮೆಲೇ ಕೈ ಆಡಿಸುವುದು). ಜಿ ಹಿಡಿದಾಗ ಆರನೇ ತಂತಿ ಮೀಟಿ ಸ್ಟ್ರಮ್, ನಾಲ್ಕನೇ ತಂತಿ ಮೀಟಿ ಸ್ಟ್ರಮ್. ಸಿಗೆ ಐದು, ನಾಲ್ಕು. ಡಿಗೆ ನಾಲ್ಕು, ಐದು. ಜಿಯಿಂದ ಸಿಗೆ ಹೋಗುವಾಗ ನಡುವೆ ಐದನೇ ತಂತಿಯನ್ನು ಬರಿದಾಗಿ ಒಮ್ಮೆ, ಎರಡನೇ ಫ್ರೆಟ್‌ನಲ್ಲಿ ಒಮ್ಮೆ ಮೀಟಿದರೆ ದಾರಿ ಸಿಕ್ಕಂತಾಗುತ್ತದೆ.

ಟ್ಯೂನಿಗೆ ಮೋಹನದ ಐದು ಸ್ವರ ಹಿಡಿದುಕೊಳ್ಳಿ: ಸ ರಿ ಗ ಪ ದ. ಕಂಟ್ರಿಯ ಎಷ್ಟೋ ಹಾಡುಗಳು ಓಡಾಡುವುದು ಈ ಸ್ವರಗಳಲ್ಲೇ. ಮ, ನಿ ಬೇಕಾದಾಗ ಹಾಕಿಕೊಂಡರೆ ಶಂಕರಾಭರಣವಾಯಿತು. ಚರಣವನ್ನು ಮಾತಾಡುವ ಎತ್ತರದಲ್ಲಿ ಇಡಿ, ಅತಿ ಮೇಲಿನ ಸ್ವರವನ್ನು ಪಲ್ಲವಿಗೆ ಉಳಿಸಿ. ಸಂಗೀತ ಕಲಿತವರು ಪ್ರತಿ ಸ್ವರಕ್ಕೂ ಗಮಕ ಕೊಡಬೇಡಿ. ಇಲ್ಲಿ ಸ್ವರವನ್ನು ಕೆಳಗಿನಿಂದ ಜಾರಿ ಹಿಡಿಯುತ್ತಾರೆ, ಆಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ.

ವೇಗ ನಿಮಿಷಕ್ಕೆ 80 ಬಡಿತ ಇಟ್ಟರೆ ಒಂದು ಬಾರ್ 3 ಸೆಕೆಂಡು. ಶುರುವಿನ ಗಿಟಾರ್ 4 ಬಾರ್, ಚರಣ 16, ಪಲ್ಲವಿ 8, ನಡುವೆ ಗಿಟಾರ್ 4, ಚರಣ 16, ಪಲ್ಲವಿ 8, ಬ್ರಿಡ್ಜ್ 8, ಪಲ್ಲವಿ 8, ಬಾಲ 2. ಒಟ್ಟು 74 ಬಾರ್, 3 ನಿಮಿಷ 42 ಸೆಕೆಂಡು. ಇದಕ್ಕಿಂತ ಉದ್ದ ಬೇಡ.

ಹಂತ 8: ಕನ್ನಡದ ಪದಗಳನ್ನು ತಾಳಕ್ಕೆ ಕೂರಿಸುವುದು

ಇಂಗ್ಲಿಷ್‌ನಲ್ಲಿ ಬರೆಯುವವರು ಈ ಹಂತ ಬಿಡಬಹುದು. ಕನ್ನಡದಲ್ಲಿ ಬರೆಯುವವರು ಇಲ್ಲಿ ನಿಧಾನಿಸಿ, ಟ್ಯೂನು ಚೆನ್ನಾಗಿದ್ದೂ ಹಾಡು ಡಬ್ಬಿಂಗ್ ಮಾಡಿದಂತೆ ಕೇಳುವುದು ಇದೇ ಕಾರಣಕ್ಕೆ.

ಇಂಗ್ಲಿಷ್ ಸಾಲುಗಳು ಒಂದೆರಡು ಹಗುರ ಪದಗಳನ್ನು ತಾಳದ ಮುಂಚೆಯೇ ಜಾರಿಸಿ, ಭಾರದ ಪದವನ್ನು ತಾಳದ ಮೇಲೆ ಇಡುತ್ತವೆ. ಕನ್ನಡದಲ್ಲಿ ಒತ್ತು ಪದದ ಮೊದಲ ಅಕ್ಷರದ ಮೇಲೆ. ಆದ್ದರಿಂದ ಸಾಲನ್ನು ಒಂದನೇ ಎಣಿಕೆಯ ಮೇಲೇ ಶುರು ಮಾಡಿ, ಇಲ್ಲವೇ ಒಂದನ್ನು ಖಾಲಿ ಬಿಟ್ಟು ಎರಡರಿಂದ ಹಿಡಿಯಿರಿ.

ಉದ್ದ ಸ್ವರಕ್ಕೆ ದೀರ್ಘಾಕ್ಷರವೇ ಬರಲಿ. ನಮ್ಮ ಹುಕ್‌ನಲ್ಲಿ ‘ನೇರ’ದ ‘ನೇ’ ಎಳೆಯಲು ಹೇಳಿ ಮಾಡಿಸಿದಂತಿದೆ, ಅತಿ ಎತ್ತರದ ಸ್ವರ ಅಲ್ಲೇ ಕೂರಲಿ. ‘ಮನೆಗೆ’ ಮೂರೂ ಹ್ರಸ್ವ. ಅದನ್ನು ‘ಮನೆಗೇಏಏ’ ಎಂದು ಎಳೆಯಬೇಡಿ. ಚಿಕ್ಕದಾಗಿ ಹಾಡಿ ನಿಲ್ಲಿಸಿ, ಮುಂದಿನದನ್ನು ಗಿಟಾರ್ ನೋಡಿಕೊಳ್ಳುತ್ತದೆ.

ಚರಣ, ಪಲ್ಲವಿಗಳಲ್ಲಿ ಒಂದು ಸಾಲಿಗೆ ಎರಡು ಬಾರ್, ಅಂದರೆ 6 ಸೆಕೆಂಡು. 12ರಿಂದ 14 ಅಕ್ಷರ ಆರಾಮಾಗಿ ಹಿಡಿಸುತ್ತದೆ. 16 ದಾಟಿದರೆ ಉಸಿರಿಗೆ ಜಾಗವಿಲ್ಲ.

ಪ್ರಾಸದ ವಿಷಯ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ ‘ಬಂದೆನು, ನಿಂತೆನು, ನೊಂದೆನು’ ಎಂದು ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಎಂದು ಕೇಳುವವರಿಗೂ ಗೊತ್ತಾಗುತ್ತದೆ. ಸಾಲನ್ನು ನಾಮಪದದಲ್ಲೋ ಅರ್ಧ ಮಾತಿನಲ್ಲೋ ಮುಗಿಸಿ ನೋಡಿ. ‘ಕೊನೆಗೆ’, ‘ಮನೆಗೆ’ ಸೇರಿದಾಗ ಎರಡನೇ ಅಕ್ಷರವೂ ಕೂಡಿಕೊಳ್ಳುತ್ತದೆ, ನಮ್ಮ ಹಳೇ ಪ್ರಾಸದ ಕಿವಿಗೆ ಅದು ಹಿತ.

ಹಂತ 9: ಒಬ್ಬರಿಗೆ ಕೇಳಿಸಿ

ನ್ಯಾಶ್‌ವಿಲ್‌ನಲ್ಲಿ 1982ರಿಂದ ಇರುವ ಬ್ಲೂಬರ್ಡ್ ಕೆಫೆಯಲ್ಲಿ ಹಾಡು ಬರೆದವರೇ ನಡುವೆ ದುಂಡಗೆ ಕೂತು, ಸರದಿಯಂತೆ ಒಂದೊಂದು ಹಾಡನ್ನು ಬರೀ ಗಿಟಾರ್ ಇಟ್ಟುಕೊಂಡು ಹಾಡುತ್ತಾರೆ. ನಿಮ್ಮ ಹಾಡೂ ಹಾಗೆ ನಿಲ್ಲಬೇಕು. ಮನೆಯಲ್ಲಿ ಒಬ್ಬರನ್ನು ಕೂರಿಸಿ, ಪೀಠಿಕೆ ಹಾಕದೆ ಒಮ್ಮೆ ಹಾಡಿ.

ಆಮೇಲೆ ‘ಹೇಗಿದೆ?’ ಎಂದು ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಹಾಡಿನಲ್ಲಿ ಏನಾಯಿತು?’ ಎಂದು ಕೇಳಿ. ‘ಇಂಡಿಕೇಟರ್ ಹಾಕೋಕೆ ಹೋದ, ಹಾಕಲಿಲ್ಲ, ಮನೇಲಿ ಅವನ ತಟ್ಟೆ ಮೇಲಿತ್ತು’ ಎಂದರೆ ಹಾಡು ಕೆಲಸ ಮಾಡಿದೆ. ‘ಕುಡಿಯಬಾರದು ಅಂತ ಒಳ್ಳೇ ಸಂದೇಶ ಇದೆ’ ಎಂದರೆ ಹಂತ 3ಕ್ಕೆ ವಾಪಸ್ ಹೋಗಿ. ಬರೀ ಸಾಲು ತಿದ್ದಿ ಪ್ರಯೋಜನವಿಲ್ಲ, ವಸ್ತುವೇ ಸಾಲದಾಗಿದೆ.

ಹಾಡುವಾಗ ಅಮೆರಿಕದ ಉಚ್ಚಾರಣೆಯನ್ನು ನಕಲು ಮಾಡಬೇಡಿ. ಮಂಡ್ಯದ ನಾಲಿಗೆ ಮಂಡ್ಯದ್ದೇ ಆಗಿರಲಿ, ಧಾರವಾಡದ್ದು ಧಾರವಾಡದ್ದೇ. ಅಲ್ಲಿಯ ಗಾಯಕರೂ ತಮ್ಮೂರಿನ ಮಾತಿನಲ್ಲೇ ಹಾಡುವುದು.

ಹಂತ 10: ರೆಕಾರ್ಡಿಂಗ್, ಪಾಲು, ಹಕ್ಕು

ಮೊದಲು ಫೋನಿನಲ್ಲೇ ಒಂದು ವರ್ಕ್ ಟೇಪ್ (ಕಚ್ಚಾ ರೆಕಾರ್ಡಿಂಗ್) ಮಾಡಿ: ಫ್ಯಾನ್ ಆಫ್, ಫೋನು ಗಿಟಾರ್‌ಗಿಂತ ಬಾಯಿಗೆ ಹತ್ತಿರ, ತಡೆಯಿಲ್ಲದೆ ಒಂದೇ ಟೇಕ್. ಪದಗಳು ಸ್ಪಷ್ಟ ಕೇಳಿದರೆ ಸಾಕು. ಸ್ಟುಡಿಯೋಗೆ ಹೋಗುವುದು ಆದರೆ ಆಮೇಲೆ. ಫಿಡಲ್ (ಪಿಟೀಲು) ಅಥವಾ ಪೆಡಲ್ ಸ್ಟೀಲ್ (ಮೇಜಿನಂತೆ ಮುಂದಿಟ್ಟು ನುಡಿಸುವ ಗಿಟಾರ್) ಸಿಕ್ಕರೆ ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ ಬರಲಿ, ದನಿಯ ಮೇಲೆ ಹತ್ತುವುದು ಬೇಡ.

ಜೊತೆಯಲ್ಲಿ ಕೂತು ಬರೆದಿದ್ದರೆ ಅದೇ ದಿನ ಪಾಲು ಬರೆದಿಟ್ಟುಕೊಳ್ಳಿ. ಕೋಣೆಯಲ್ಲಿ ಇದ್ದವರಿಗೆಲ್ಲ ಸಮಪಾಲು ಎನ್ನುವುದು ನ್ಯಾಶ್‌ವಿಲ್‌ನ ವಾಡಿಕೆ, ಯಾರು ಎಷ್ಟು ಸಾಲು ಕೊಟ್ಟರು ಎಂದು ಎಣಿಸಿ ಜಗಳವಾಡುವುದಕ್ಕಿಂತ ಇದು ಎಷ್ಟೋ ಮೇಲು. ಒಂದು ಇಮೇಲ್‌ನಲ್ಲಿ ಹೆಸರು, ಶೇಕಡಾವಾರು, ತಾರೀಕು ಹಾಕಿ ಎಲ್ಲರಿಗೂ ಕಳಿಸಿ.

ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡು ಬರೆದ ಕೂಡಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ತಾರೀಕಿರುವ ಕರಡುಗಳನ್ನು, ವರ್ಕ್ ಟೇಪನ್ನು ಅಳಿಸಬೇಡಿ, ಮುಂದೆ ವಿವಾದ ಬಂದರೆ ಅವೇ ಸಾಕ್ಷಿ. ‘ನಿಮ್ಮ ಹಾಡನ್ನು ನ್ಯಾಶ್‌ವಿಲ್‌ನ ದೊಡ್ಡ ಗಾಯಕರಿಗೆ ತಲುಪಿಸುತ್ತೇವೆ, ಇಷ್ಟು ದುಡ್ಡು ಕಟ್ಟಿ’ ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿಜವಾದ ಪ್ರಕಾಶಕರು ಹಾಡು ಗಳಿಸಿದ್ದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ, ಬರೆದವರಿಂದ ಮುಂಗಡ ಕೇಳುವುದಿಲ್ಲ.